ಒಲೆಯಾಳು ಎದ್ದ ದಿನ

ಆಲೆಮನೆಗೆ ಒಂದು ಕಟ್ಟಳೆಯುಂಟು. ಒಲೆಗೆ ಉರಿ ಹಾಕುವವನು ಎದ್ದು ಸಲಾಕೆಯನ್ನು ಗೋಡೆಗೆ ಒರಗಿಸುವವರೆಗೆ ಉಳಿದ ಆಳುಗಳಲ್ಲಿ ಯಾರೂ ಕೆಲಸ ಬಿಟ್ಟು ಹೋಗುವಂತಿಲ್ಲ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿರುವಾಗ ಆ ಒಲೆಯಾಳು ಏಳುವಂತಿಲ್ಲ. ಇದನ್ನು ಯಾರೂ ಬರೆದಿಟ್ಟಿಲ್ಲ; ಬರೆಯುವ ಅಗತ್ಯ ಬೀಳಲಿಲ್ಲ. ಒಂದು ಕೊಪ್ಪರಿಗೆ ಹಾಲೆಂದರೆ ಯಾವುದೋ ಒಂದು ಮನೆಯ ವರ್ಷದ ದುಡಿಮೆಯ ಪಾಲು. ಉರಿ ಏರಿದರೆ ಸೀಯುತ್ತದೆ, ಇಳಿದರೆ ಕೆಡುತ್ತದೆ. ಅದನ್ನು ಕಾಯುವವನಿಗೆ ಕಬ್ಬಿನ ಒಡೆಯ ಯಾರೆಂಬುದು ಮುಖ್ಯವಲ್ಲ.

ಇದು ಒಳ್ಳೆಯ ಕಟ್ಟಳೆ. ಹೊನ್ನಕಟ್ಟೆಯ ತಿಮ್ಮರಾಜು ಪಂಚಾಯ್ತಿ ಚುನಾವಣೆಯ ದಿನ ಇದನ್ನೇ ಹಗ್ಗ ಮಾಡಿಕೊಂಡ.

ಹೊನ್ನಕಟ್ಟೆ ಇರುವುದು ಪಾಂಡವಪುರ ತಾಲ್ಲೂಕಿನಲ್ಲಿ, ಕ್ಯಾತನಹಳ್ಳಿಯಿಂದ ನಾಲೆಯ ಏರಿ ಹಿಡಿದು ಹೋದರೆ ಸಿಗುವ ಊರು. ಊರು ನಾಲೆಯ ಆಚೆ. ತಿಮ್ಮರಾಜುವಿನ ಆಲೆಮನೆ ಈಚೆ. ಆಲೆಮನೆಯ ಹಿಂದೆ, ಗಾಳಿ ಹೊಗೆಯನ್ನು ಒಯ್ದು ಸುರಿಯುವ ಕಡೆಗೆ, ಇರುಳಿಗರ ಹಾಡಿ. ರಾಮನಗರದ ಕಡೆಯ ಕಾಡುಗಳಿಂದ ಕಬ್ಬು ಕಡಿಯಲು ಬಂದವರು ಇಲ್ಲಿ ನೆಲೆನಿಂತು ಮೂರು ತಲೆಮಾರಾಯಿತು. ಹಾಡಿಯಲ್ಲಿ ಮತ ಹಾಕುವವರು ಮೂವತ್ತೆಂಟು ಜನ. ಅಷ್ಟು ಕಡಿಮೆ ಮತಕ್ಕೆ ಬೇರೆ ಮತಗಟ್ಟೆ ಕೊಡಲಾಗದು ಎಂದು ಪ್ರತಿ ಸಲವೂ ಹೇಳುತ್ತಾರೆ. ಹಾಗಾಗಿ ಅವರು ನಾಲೆ ದಾಟಿ ಊರಿನ ಶಾಲೆಗೇ ನಡೆಯಬೇಕು.

ಆಲೆಮನೆಯ ಒಲೆಯಾಳು ಹಾಡಿಯ ಹಿರಿಯ ಚಿಕ್ಕಮಾದಯ್ಯ. ಅವನ ತಂದೆಯೂ ಅದೇ ಒಲೆಯ ಬಾಯಲ್ಲಿ ಕೂತಿದ್ದವನು. ಆಗ ಒಲೆಗೆ ಹಾಕುತ್ತಿದ್ದುದು ರಚ್ಚು, ಅಂದರೆ ಗಾಣದಲ್ಲಿ ಹಿಂಡಿದ ಮೇಲೆ ಉಳಿಯುವ ಕಬ್ಬಿನ ಸಿಪ್ಪೆ. ಅದನ್ನು ಅಂಗಳದಲ್ಲಿ ಹರಡಿದರೆ ಮಿಕ್ಕ ಕೆಲಸವನ್ನು ಬಿಸಿಲು ಮಾಡುತ್ತದೆ. ಕಬ್ಬು ತನ್ನನ್ನು ಬೇಯಿಸುವ ಸೌದೆಯನ್ನು ತಾನೇ ಹೊತ್ತು ತರುತ್ತದೆ. ಶೇಷ ಉಳಿಯದ ಲೆಕ್ಕ. ಆದರೆ ರಚ್ಚಿಗೆ ಕಾಗದದ ಕಾರ್ಖಾನೆಯ ದಲ್ಲಾಳಿಗಳು ಬೆಲೆ ಕಟ್ಟಿದ ವರ್ಷ ತಿಮ್ಮರಾಜು ರಚ್ಚನ್ನೆಲ್ಲ ಲಾರಿಗೆ ಹೇರಿದ. ಒಲೆಗೆ ಗುಜರಿಯಿಂದ ಸವೆದ ಟೈರುಗಳು ಬಂದವು. ಅವನ್ನು ತುಂಡು ಮಾಡಿ ಹೊರುವುದು ಆಳುಗಳೆಲ್ಲರ ಬೆಳಗಿನ ಮೊದಲ ಕೆಲಸವಾಯಿತು. ಹಾಡಿಯ ಒಗೆದ ಬಟ್ಟೆಗೆ, ಅನ್ನದ ತಪ್ಪಲೆಗೆ, ಮಕ್ಕಳ ಮೂಗಿಗೆ ಎಣ್ಣೆಮಸಿ ಅಂಟಿತು.

ಕಳೆದ ಮಾಗಿಯಲ್ಲಿ ಚಿಕ್ಕಮಾದಯ್ಯನ ಹೆಂಡತಿ ಉಸಿರು ಸಿಗದೆ ಸತ್ತಳು. ಬೀಡಿ ಎಷ್ಟು ಸೇದುತ್ತಿದ್ದರು ಎಂದು ಆಸ್ಪತ್ರೆಯಲ್ಲಿ ಕೇಳಿದರು. ಅವಳು ಬೀಡಿ ಮುಟ್ಟಿದವಳಲ್ಲ.

ಮಗಳು ಮುದ್ದಮ್ಮ ಅಳುವುದನ್ನು ಬೇಗ ಮುಗಿಸಿದಳು. ಶ್ರೀರಂಗಪಟ್ಟಣ, ನಾಗಮಂಗಲ, ಕೆ.ಆರ್. ಪೇಟೆ ಎಂದು ಬಸ್ಸು ಹತ್ತಿ, ಟೈರು ಸುಡುವ ಆಲೆಮನೆಗಳ ಸುತ್ತಲಿನ ಹೆಂಗಸರನ್ನು ಕಂಡು ಸಹಿ ಕೂಡಿಸಿದಳು. ಗೋವಿಂದನಹಳ್ಳಿಯ ಹತ್ತಿರ ಒಬ್ಬ ರೈತ ಬರೀ ರಚ್ಚು ಉರಿಸಿ ಬೆಲ್ಲ ತೆಗೆಯುವುದನ್ನು ನೋಡಿ ಬಂದು ತಿಮ್ಮರಾಜುವಿಗೇ ಹೇಳಿದಳು. ಅವನು ನಕ್ಕ. ಅರ್ಜಿಯ ಮೇಲೆ ಅಧಿಕಾರಿಗಳು ಪರಿಶೀಲನೆಗೆ ಬಂದ ದಿನ ಒಲೆಯ ಮುಂದೆ ರಚ್ಚಿನ ರಾಶಿಯಿತ್ತು, ಟೈರುಗಳು ತಾರ್ಪಾಲಿನ ಕೆಳಗಿದ್ದವು. ಅಧಿಕಾರಿಗಳು ಎಳನೀರು ಕುಡಿದು ಹೋದರು. ಮುದ್ದಮ್ಮ ಪಂಚಾಯ್ತಿಗೆ ನಾಮಪತ್ರ ಹಾಕಿದಳು. ಆಲೆಮನೆಯ ಪರವಾನಗಿಗೆ ಪಂಚಾಯ್ತಿಯ ಒಪ್ಪಿಗೆ ಬೇಕು. ಒಳಗೆ ಕೂತು ಇಲ್ಲವೆನ್ನುವುದು ಅವಳ ಉದ್ದೇಶ. ಎದುರಿಗೆ ನಿಂತವಳು ತಿಮ್ಮರಾಜುವಿನ ಹೆಂಡತಿ. ಕರಪತ್ರದಲ್ಲಿ ಹೆಂಡತಿಯ ಚಿತ್ರಕ್ಕಿಂತ ಗಂಡನ ಚಿತ್ರ ದೊಡ್ಡದಿತ್ತು.

ಊರಿನ ಹೆಂಗಸರಲ್ಲಿ ಅನೇಕರು ಬಾಯಿ ಬಿಡದೆ ಮುದ್ದಮ್ಮನ ಕಡೆಗಿದ್ದರು. ಹೊಗೆ ಗಾಳಿ ತಿರುಗಿದಾಗ ನಾಲೆಯನ್ನೂ ದಾಟುತ್ತದೆ. ಹಾಡಿಯ ಮತ ಪೂರ್ತಿ ಬಿದ್ದರೆ ಅವಳು ಗೆಲ್ಲುತ್ತಾಳೆ, ಬೀಳದಿದ್ದರೆ ಸೋಲುತ್ತಾಳೆ. ಇಷ್ಟು ತಿಮ್ಮರಾಜುವಿಗೂ ಗೊತ್ತಿತ್ತು.

ಚುನಾವಣೆಯ ಹಿಂದಿನ ಸಂಜೆ ಅವನು ಗಂಡು ಹೆಣ್ಣೆನ್ನದೆ ಹಾಡಿಯ ಆಳುಗಳನ್ನೆಲ್ಲ ಕರೆದ.

"ನಾಳೆ ಅಣ್ಣಮ್ಮನ ಕಬ್ಬು ಅರೀಬೇಕು. ಎಲ್ರೂ ಬರ್ರಿ."

"ನಾಳೆ ಓಟಲ್ವಾ ಗೌಡ್ರೇ?" ಎಂದ ಸೋಮಯ್ಯ. ಹಾಡಿಯಲ್ಲಿ ಎದುರು ಮಾತಾಡುವವನು ಅವನೊಬ್ಬ.

"ಓಟೇನು ಓಡೋಗ್ತದೇನ್ಲಾ? ಮದ್ಯಾನಕ್ಕೆ ಪಾಕ ಇಳೀತದೆ. ಟ್ರಾಕ್ಟರು ನಿಲ್ಸಿರ್ತೀನಿ, ಮದುವೆ ದಿಬ್ಬಣ ಹೋದಂಗೆ ಹತ್ಕೊಂಡೋಗ್ರಿ. ನಿಮ್ ಹೆಣ್ಗೇ ಹಾಕ್ರಿ. ನಾನೇನ್ ಬ್ಯಾಡ ಅಂದ್ನಾ?"

ಚಿಕ್ಕಮಾದಯ್ಯ ಒಪ್ಪಿದ. ಕಬ್ಬು ಅಣ್ಣಮ್ಮನದು ಎಂಬುದಕ್ಕೇ ಒಪ್ಪಿದ. ಅಣ್ಣಮ್ಮ ಊರಿನ ಒಕ್ಕಲು ಮನೆಯ ವಿಧವೆ, ಒಂದೆಕರೆಯವಳು. ಅವಳ ಕಬ್ಬು ಬಲಿತು, ತುದಿಯಲ್ಲಿ ಸೂಲಂಗಿ ಹೂ ಬಂದು ಹೊಲದಲ್ಲೇ ಒಣಗುತ್ತಿತ್ತು. ಆಲೆಮನೆಯ ಸರದಿಗಾಗಿ ಅವಳು ತಿಮ್ಮರಾಜುವಿನ ಬಾಗಿಲಿಗೆ ಮತ್ತೆ ಮತ್ತೆ ಹೋಗಿ ಬಂದಿದ್ದಳು. ಮುದ್ದಮ್ಮನ ಅರ್ಜಿಗೆ ಊರಿನಿಂದ ಮೊದಲು ಸಹಿ ಮಾಡಿದವಳೂ ಅವಳೇ.

ಮತದಾನದ ದಿನ ಮೊದಲ ಕೊಪ್ಪರಿಗೆ ಮಧ್ಯಾಹ್ನಕ್ಕೆ ಇಳಿಯಿತು. ಹದ ನೋಡುವವನು ಸಿದ್ದರಾಜು, ತಿಮ್ಮರಾಜುವಿನ ಸೋದರಮಾವನ ಮಗ. ಪಾಕವನ್ನು ತೊಟ್ಟಿಗೆ ಸುರಿದ ಮೇಲೆ ಒಲೆ ತಣಿಯಲು ಬಿಡುವುದು ರೂಢಿ; ಆಗಲೇ ಆಳುಗಳು ಉಣ್ಣುವುದು, ಎದ್ದು ಹೋಗುವುದು. ಚಿಕ್ಕಮಾದಯ್ಯ ಸಲಾಕೆಯನ್ನು ಒಲೆಯಿಂದ ಹೊರಗೆಳೆಯುವಷ್ಟರಲ್ಲಿ ಮೇಲೆ ಹಾಲು ಸುರಿದ ಸದ್ದಾಯಿತು. ಸಿದ್ದರಾಜು ಖಾಲಿ ಕೊಪ್ಪರಿಗೆಗೆ ಎರಡನೆಯ ಹಾಲನ್ನು ಬಿಟ್ಟಿದ್ದ.

"ಇದೇನು ಗೌಡ್ರೇ? ಮದ್ಯಾನಕ್ಕೆ ಅಂದಿದ್ರಿ."

"ಹಾಲು ಬಿಟ್ಟಾಯ್ತಲ್ಲೋ ಚಿಕ್ಕಮಾದ. ಇದೊಂದು ಇಳುಸ್ಬುಡು, ಹೋಗೀವಂತೆ" ಎಂದ ತಿಮ್ಮರಾಜು. ತಗಡಿನ ನೆರಳಲ್ಲಿ ಮಂಚ ಹಾಕಿಸಿಕೊಂಡು ಫೋನು ನೋಡುತ್ತಿದ್ದವನು ತಲೆ ಎತ್ತಲಿಲ್ಲ. "ಕೆಡುಸ್ತೀನಿ ಅಂದ್ರೆ ಕೆಡ್ಸು. ನಂದಲ್ಲ, ಆ ಮುಂಡೇದು."

ಚಿಕ್ಕಮಾದಯ್ಯ ಮತ್ತೆ ಕೂತ. ಟೈರಿನ ತುಂಡು ಒಳಗೆ ಹೋಯಿತು. ಅವನು ಕೂತದ್ದನ್ನು ನೋಡಿ ಗಾಣದವರು ಗಾಣಕ್ಕೆ ಕಬ್ಬು ಕೊಟ್ಟರು, ಹೊರುವವರು ಹೊತ್ತರು, ಹಿಂದಿನ ಗದ್ದೆಯಲ್ಲಿ ಕಡಿಯುವವರು ಕಡಿದರು.

ಸೋಮಯ್ಯನ ಫೋನಿಗೆ ಮುದ್ದಮ್ಮ ಕರೆ ಮಾಡಿದಳು. ಬೆಳಗಿನಿಂದ ಶಾಲೆಯ ಹತ್ತಿರ ಕಾದು ನಿಂತವಳು. ಸೋಮಯ್ಯ ಫೋನನ್ನು ಚಿಕ್ಕಮಾದಯ್ಯನ ಕಿವಿಗೆ ಹಿಡಿದ.

"ಅಪ್ಪ, ಎಲ್ಲಿದ್ದೀಯ?"

"ಒಲೆ ತಾವ ಕಣವ್ವ. ಹಾಲು ಮ್ಯಾಲದೆ."

"ಅವ್ವ ಉಸಿರು ಎಳೀತಾ ಬಿದ್ದಿದ್ದಾಗ ನಾನು ಬಂದು ಕೂಗ್ದೆ. ಆಗ್ಲೂ ನೀನು ಇದೇ ಅಂದೆ. ಹಾಲು ಮ್ಯಾಲದೆ ಅಂದೆ."

ಚಿಕ್ಕಮಾದಯ್ಯ ಸಲಾಕೆಯಿಂದ ಉರಿ ಕೆದಕಿದ.

"ಯಾರ್ದು ಹಾಲು?"

"ಅಣ್ಣಮ್ಮಂದು."

ಆ ಕಡೆಯಿಂದ ಮುದ್ದಮ್ಮ, "ಕಳ್ ನನ್ಮಗ" ಎಂದಳು. ಅದು ತಂದೆಗೆ ಹೇಳಿದ್ದಲ್ಲ. ಫೋನು ಇಟ್ಟಳು.

"ಮಾವ, ಏಳು" ಎಂದ ಸೋಮಯ್ಯ.

"ಆ ಅಣ್ಣಮ್ಮ ಏನ್ ಅನ್ಯಾಯ ಮಾಡವ್ಳೆ ನಮ್ಗೆ?"

"ಯಾರೂ ಮಾಡಿಲ್ಲ ಬುಡು. ನಾವೇ ಮಾಡ್ಕೊಂಡಿರದು" ಎಂದು ಸೋಮಯ್ಯ ಉಗುಳಿ ಗಾಣದ ಕಡೆ ಹೋದ. ಆದರೂ ಅವನು ಅಂಗಳ ಬಿಟ್ಟು ಹೋಗಲಿಲ್ಲ. ಬೈದವನೂ ಕಟ್ಟಳೆಗೆ ಒಳಗಾದವನೇ.

ಸಾಲುಮರದ ನೆರಳು ಅಂಗಳದ ಅರ್ಧಕ್ಕೆ ಬಂದಾಗ ಅಣ್ಣಮ್ಮ ಬಂದಳು. ಮತ ಹಾಕಿ, ಮನೆಗೆ ಹೋಗಿ, ಆಳುಗಳಿಗೆಂದು ಮಜ್ಜಿಗೆ ಹೊತ್ತು ತಂದಿದ್ದಳು. ಹೊಗೆಗೆ ಸೆರಗನ್ನು ಮೂಗಿಗೆ ಹಿಡಿದು ಒಳಗೆ ಬಂದವಳು ಒಂದೊಂದು ಮುಖವನ್ನೂ ನೋಡಿದಳು. ಇಡೀ ಹಾಡಿ ಅಲ್ಲಿತ್ತು.

"ಇದೇನ್ರಪ್ಪ! ಅಲ್ಲಿ ಮುದ್ದಮ್ಮ ಒಬ್ಳೇ ಇಸ್ಕೂಲ್ ಗೇಟ್ ತಾವ ನಾಲೆ ಕಡೆ ನೋಡ್ಕೊಂಡು ನಿಂತವ್ಳೆ. ಐದು ಗಂಟೆಗೆ ಬಾಗ್ಲು ಹಾಕ್ತಾರೆ. ನೀವೆಲ್ಲ ಇಲ್ಲೇ ಇದ್ದೀರಾ?"

"ನಿಮ್ಮಾಲು ಕಾಯ್ತಾ ಇದ್ದೀವಿ ಅಣ್ಣಮ್ಮೋರೆ" ಎಂದ ಸೋಮಯ್ಯ. "ಒಂದು ಇಳೀತು, ಇನ್ನೊಂದು ಏರ್ತು. ಇದು ಇಳಿಯಾ ಹೊತ್ಗೆ ಓಟೂ ಇಳೀತದೆ."

ಅಣ್ಣಮ್ಮ ಮಜ್ಜಿಗೆಯ ಬಿಂದಿಗೆಯನ್ನು ನೆಲಕ್ಕಿಟ್ಟಳು. ಅರ್ಥವಾಗಲು ಅವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಮಂಚದ ಹತ್ತಿರ ಹೋಗಿ ನಿಂತಳು.

"ತಿಮ್ಮರಾಜು, ನಿನ್ ಬಾಗ್ಲಿಗೆ ನಾಯಿ ಬಂದಂಗೆ ಬಂದೆ. ಸರದಿ ಇಲ್ಲ, ಸರದಿ ಇಲ್ಲ ಅಂದೆ. ಇವತ್ತಿನ ಸರದಿ ಎಲ್ಲಿಂದ ಉದುರ್ತು?"

"ಅಯ್ಯೋ ಅತ್ತಿಗೆ, ನಿಮ್ಗೊಳ್ಳೇದಾಗ್ಲಿ ಅಂತ..."

"ನನ್ ಕಬ್ಬಲ್ಲಿ ಹಗ್ಗ ಹೊಸ್ದು ಇವ್ರನ್ನ ಕಟ್ಟಾಕಿದ್ದೀಯ. ಸೀದೋದ್ರೆ ಅಣ್ಣಮ್ಮಂದು ಸೀದೋಯ್ತದೆ, ಅಲ್ವಾ? ನಿಂದಾಗಿದ್ರೆ ಇವ್ರು ಇವತ್ತು ಬರ್ತಾನೇ ಇರ್ಲಿಲ್ಲ. ಅದ್ಕೇ ನಂದು."

"ಮಾತು ನಿಗಾ ಇರ್ಲಿ. ಮುಂದ್ಲೊರ್ಷಾನೂ ಕಬ್ಬು ಬೆಳೀಬೇಕಲ್ಲ ನೀವು" ಎಂದ ತಿಮ್ಮರಾಜು. ದನಿಯಲ್ಲಿ ಅತ್ತಿಗೆ ಉಳಿದಿರಲಿಲ್ಲ.

ಅಣ್ಣಮ್ಮ ಅವನಿಗೆ ಬೆನ್ನು ತಿರುಗಿಸಿ ಒಲೆಯ ಬಾಯಿಗೆ ಬಂದಳು. ಅಲ್ಲಿ ನಿಂತರೆ ಕಣ್ಣು ತೆರೆಯಲಾಗದು. ಅವಳು ಕೆಮ್ಮಿದಳು. ಕೆಮ್ಮು ನಿಲ್ಲುವವರೆಗೆ ಕಾದು ಮಾತಾಡಿದಳು.

"ಚಿಕ್ಕಮಾದಣ್ಣ, ಏಳು."

"ಕುದೀತಾ ಅದೆ ತಾಯಿ. ಈಗ್ಲೇ ಬುಟ್ರೆ ಬೆಲ್ಲ ಆಗಕಿಲ್ಲ."

"ಆಗ್ದಿದ್ರೆ ಬ್ಯಾಡ."

"ಗದ್ದೇಲಿ ಇನ್ನೂ ಅರ್ಧ ಕಬ್ಬದೆ. ಅದೂ ಒಣಗ್ತದೆ."

"ಒಣಗ್ಲಿ ಅಂತೀನಿ. ಹಾಲು ಯಾರ್ದು? ನಂದು. ಸೀದೋಗ್ಲಿ ಅಂತ ನಾನೇ ಹೇಳ್ತಾ ಇದ್ದೀನಿ. ನಿನ್ ಹೆಂಡ್ತೀನ ಹೊತ್ಕೊಂಡೋದ್ರಲ್ಲ, ಅವತ್ತು ನಾನೂ ಹಿಂದೆ ಬಂದಿದ್ದೆ. ಎಷ್ಟು ಹಗೂರ ಇದ್ಲು ಅಂತ ಹೊತ್ತೋರೇ ಮಾತಾಡ್ಕೊಂಡ್ರು. ಅವ್ಳನ್ನ ಸುಟ್ಟಿದ್ದು ಈ ಟೈರೇ ಅಲ್ವಾ? ಏಳಯ್ಯಾ!"

ಚಿಕ್ಕಮಾದಯ್ಯ ಒಲೆಯನ್ನು ನೋಡಿದ. ರಬ್ಬರು ಕರಗಿ, ಟೈರಿನೊಳಗಿನ ತಂತಿಯ ಬಳೆ ಕೆಂಪಗೆ ಉಳಿದಿತ್ತು. ಅವನು ಸಲಾಕೆಯನ್ನು ಗೋಡೆಗೆ ಒರಗಿಸಲಿಲ್ಲ. ಎರಡೂ ಕೈಯಲ್ಲಿ ಎತ್ತಿ ಅಂಗಳದ ಮಧ್ಯಕ್ಕೆ ಎಸೆದ. ಅದು ತಿಮ್ಮರಾಜುವಿನ ಮಂಚದ ಮುಂದೆ ಬಿದ್ದು ಉರುಳಿತು.

ಗಾಣ ನಿಂತಿತು. ಆ ಸದ್ದು ನಿಂತ ಮೇಲೆ ಹಿಂದಿನ ಗದ್ದೆಯಲ್ಲಿ ಮಚ್ಚುಗಳೂ ನಿಂತವು. ಹೆಂಗಸರು ತಲೆಯ ಮೇಲಿನ ಕಬ್ಬನ್ನು ಇದ್ದಲ್ಲೇ ಕೆಡವಿದರು.

"ಇವತ್ತು ಎದ್ದೋರು ನಾಳೆ ಈ ಅಂಗಳಕ್ಕೆ ಕಾಲಿಡಂಗಿಲ್ಲ!" ತಿಮ್ಮರಾಜು ಈಗ ಎದ್ದು ನಿಂತಿದ್ದ.

"ಸಲಾಕೆ ತಕ್ಕಳಿ ಗೌಡ್ರೇ" ಎಂದ ಸೋಮಯ್ಯ. "ಬಿಸಿ ಅದೆ, ಪಂಚೆ ಜ್ವಾಕೆ."

ಕೊಪ್ಪರಿಗೆಯ ಮೇಲಿನಿಂದ ಸಿದ್ದರಾಜು "ಉರಿ! ಉರಿ ಏರ್ತಾ ಅದೆ, ಸೀಯ್ತದೆ!" ಎಂದು ಕೂಗುತ್ತಿದ್ದ. ಕೂಗಿಗೆ ಓಡಿ ಬರುವವರು ಯಾರೂ ಇರಲಿಲ್ಲ. ಟ್ರಾಕ್ಟರು ಮರದಡಿ ನಿಂತಿತ್ತು. ಅದರ ಬೀಗದ ಕೈ ತಿಮ್ಮರಾಜುವಿನ ಜೇಬಿನಲ್ಲಿತ್ತು. ಹಾಡಿಯವರು ಅದನ್ನು ಕೇಳಲಿಲ್ಲ. ನಾಲೆಯ ಏರಿ ಹತ್ತಿ ನಡೆದರು. ವಯಸ್ಸಾದವರನ್ನು ನಡುವೆ ಹಾಕಿಕೊಂಡು, ಆಮೇಲಾಮೇಲೆ ಅರ್ಧ ಓಡುತ್ತ ಹೋದರು. ಅಣ್ಣಮ್ಮ ಬಿಂದಿಗೆಯನ್ನು ಅಲ್ಲೇ ಬಿಟ್ಟು ಅವರ ಹಿಂದೆಯೇ ಹೊರಟಳು. ಬೇಯುತ್ತಿದ್ದ ತನ್ನ ಹಾಲಿನ ಕಡೆ ಅವಳು ತಿರುಗಿ ನೋಡಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಏರಿಯ ತಿರುವಿನಲ್ಲಿ ನಿಂತು ನೋಡಿದಳು. ಸೀದ ವಾಸನೆ ಆಗಲೇ ಬರುತ್ತಿತ್ತು.

ಶಾಲೆಯ ಕಬ್ಬಿಣದ ಬಾಗಿಲನ್ನು ಪೇದೆ ಮುಚ್ಚುವ ಮೊದಲು ಅವರೆಲ್ಲ ಅಂಗಳದೊಳಗೆ ಬಂದಿದ್ದರು. ಮತಗಟ್ಟೆಯ ಅಧಿಕಾರಿ ಸ್ಮೃತಿ ಶ್ರೀರಂಗಪಟ್ಟಣದ ಪ್ರೌಢಶಾಲೆಯ ಉಪಾಧ್ಯಾಯಿನಿ, ಇನ್ನೂ ಚಿಕ್ಕ ವಯಸ್ಸು. ನಿಯಮದ ಪ್ರಕಾರ ಸಾಲಿನ ಕೊನೆಯವರಿಂದ ಆರಂಭಿಸಿ ಪ್ರತಿಯೊಬ್ಬರ ಕೈಗೂ ಚೀಟಿ ಕೊಟ್ಟಳು. ಚೀಟಿ ಇದ್ದವರ ಮತ ಎಷ್ಟು ಹೊತ್ತಾದರೂ ನಡೆಯುತ್ತದೆ. ಬಾಗಿಲ ಹೊರಗೆ ಊರಿನವರು ಗುಂಪುಗೂಡಿದರು. ಅಭ್ಯರ್ಥಿಯಾದ್ದರಿಂದ ಮುದ್ದಮ್ಮ ಒಳಗೆ ಬರಬಹುದಿತ್ತು. ಬಂದು ಗೋಡೆಯ ಪಕ್ಕ ನಿಂತಳು. ತಂದೆಯನ್ನು ಮಾತಾಡಿಸಲಿಲ್ಲ.

ಮೊದಲ ಹೆಂಗಸು ಎಡಗೈ ಚಾಚಿದಳು. ತಿಮ್ಮರಾಜುವಿನ ಕಡೆಯ ಏಜೆಂಟು ರಂಗಸ್ವಾಮಿ ಕುರ್ಚಿಯಿಂದ ಎದ್ದ.

"ಆಕ್ಷೇಪಣೆ ಮೇಡಂ. ಬೆರಳು ನೋಡಿ. ಕರಿ ಗುರುತದೆ. ಈಗಾಗ್ಲೇ ಓಟು ಹಾಕವ್ಳೆ."

"ಐದೂ ಬೆರಳು ಕಪ್ಪಾಗಿದೆಯಲ್ಲ" ಎಂದಳು ಸ್ಮೃತಿ.

"ಶಾಯಿ ಮರೆಮಾಚಕ್ಕೆ ಬಳ್ಕೊಂಡವ್ರೆ. ಎಲ್ರೂ ಅಂಗೇ ಬಂದವ್ರೆ ನೋಡಿ. ಗುರುತು ಕಾಣ್ದಿದ್ರೆ ಎಂಗೆ ನಂಬದು? ರೂಲ್ಸು ಅಂದ್ರೆ ರೂಲ್ಸು."

ಸ್ಮೃತಿ ಸಾಲಿನ ಉದ್ದಕ್ಕೂ ನಡೆದು ಕೈಗಳನ್ನು ನೋಡಿದಳು. ಬೆರಳನ್ನು ಪರೀಕ್ಷಿಸಬೇಕೆಂಬುದು ನಿಜವಾದ ನಿಯಮ. ಅವಳು ಕೈತೊಳೆದು ಬರಲು ಹೇಳಿದಳು. ಶಾಲೆಯ ಕೊಳಾಯಿಯ ಹತ್ತಿರ ಬಿಸಿಯೂಟದ ಪಾತ್ರೆ ಉಜ್ಜುವ ಸೋಪೂ ತೆಂಗಿನ ನಾರೂ ಇದ್ದವು. ಹಾಡಿಯವರು ಉಜ್ಜಿದರು. ಟೈರಿನ ಮಸಿ ನೀರಿಗೆ ಜಗ್ಗುವುದಿಲ್ಲ. ಮರಳು ಹಾಕಿ ಉಜ್ಜಿದರು. ಚರ್ಮ ಕೆಂಪಾಯಿತು, ಕೆಲವರಿಗೆ ಕಿತ್ತು ರಕ್ತ ಬಂತು. ಅಣ್ಣಮ್ಮ ಬಾಗಿಲ ಸರಳಿನಾಚೆಯಿಂದ ಯಾರ ಮನೆಯಿಂದಲೋ ತಂದ ಸೀಮೆಎಣ್ಣೆಯನ್ನು ಚಾಚಿದಳು. ಅದನ್ನೂ ಹಚ್ಚಿದರು. ಹಸಿ ಗಾಯಕ್ಕೆ ಸೀಮೆಎಣ್ಣೆ ಬಿದ್ದರೆ ಹೇಗಿರುತ್ತದೆಂದು ಹೇಳಬೇಕಾಗಿಲ್ಲ.

ಮತ್ತೆ ಸಾಲು ನಿಂತಿತು. ರಂಗಸ್ವಾಮಿ ಮತ್ತೆ ಎದ್ದ.

"ಉಗುರ್ ಸಂದೀಲಿ ಇನ್ನೂ ಅದೆ ಮೇಡಂ."

"ಬರ್ಕೊಳ್ಳಿ" ಎಂದಳು ಮುದ್ದಮ್ಮ.

ಎಲ್ಲರೂ ಅವಳ ಕಡೆ ತಿರುಗಿದರು.

"ಆಕ್ಷೇಪಣೆ ಬರ್ಕೊಳ್ಳಿ ಮೇಡಂ. ಆದ್ರೆ ಅದು ಶಾಯೀನೋ ಏನು ಅಂತ ಅವ್ರೇ ಹೇಳ್ಲಿ. ರಂಗಸ್ವಾಮಣ್ಣ, ಬಾ. ನಮ್ಮಪ್ಪನ ಕೈ ಮೂಸು. ಏನ್ ವಾಸ್ನೆ ಬತ್ತದೆ ಅಂತ ಮೇಡಂ ಮುಂದೆ ಹೇಳು. ಅವ್ರು ಬರೀತಾರೆ, ನೀನು ಸಹಿ ಹಾಕು."

ರಂಗಸ್ವಾಮಿ ಕದಲಲಿಲ್ಲ.

"ಬಾರಣ್ಣ. ದಿನಾ ನಿಮ್ಮನೆ ಹಿತ್ಲಿಗೂ ಬತ್ತದಲ್ಲ ಈ ವಾಸ್ನೆ. ಹೆಸ್ರು ಗೊತ್ತಿಲ್ವಾ? ಯಾವ ಅಂಗಳದಲ್ಲಿ ಅಂಟ್ತು, ಯಾರು ಅಂಟಿಸ್ದೋರು, ಎಲ್ಲಾ ಬರ್ಸು. ಅಧಿಕಾರಿಗೋಳು ಬಂದಾಗ ತಾರ್ಪಾಲು ಮುಚ್ಚಿದ್ರಿ. ಇಷ್ಟು ಜನದ ಕೈ ಯಾವ ತಾರ್ಪಾಲಲ್ಲಿ ಮುಚ್ತೀರಾ?"

ಸ್ಮೃತಿ ಲೇಖನಿಯ ಮುಚ್ಚಳ ತೆಗೆದಳು. "ಹೇಳಿ. ಏಜೆಂಟರು ಪರಿಶೀಲಿಸಿದಾಗ ಮತದಾರರ ಕೈಮೇಲೆ ಕಂಡುಬಂದದ್ದು..."

ಬಾಗಿಲ ಸರಳು ಹಿಡಿದಿದ್ದ ಹೆಂಗಸರಲ್ಲಿ ಯಾರೋ, "ಯೋಳ್ಲಾ ರಂಗ, ನಾಲ್ಗೆಗೂ ಹತ್ಕೊಂಡದಾ ಮಸಿ?" ಎಂದಳು. ನಗು ಎದ್ದಿತು, ಒಳ್ಳೆಯ ನಗುವಲ್ಲ.

"ಬ್ಯಾಡ ಬುಡಿ ಮೇಡಂ" ಎಂದ ರಂಗಸ್ವಾಮಿ. "ಆಕ್ಷೇಪಣೆ ಇಲ್ಲ."

"ಹಿಂತೆಗೆದುಕೊಂಡಿದ್ದೀರಿ ಎಂದು ಬರೆಯುತ್ತೇನೆ. ಸಹಿ ಹಾಕಿ."

ಅವನು ಸಹಿ ಹಾಕಿ ಕೂತ. ಸಾಲು ನಡೆಯಿತು. ಶಾಯಿ ಹಚ್ಚುವ ಸಿಬ್ಬಂದಿ ಚರ್ಮ ಸುಲಿಯದ ಜಾಗವನ್ನು ಹುಡುಕಿ ಹುಡುಕಿ ಕಡ್ಡಿ ಎಳೆದ. ಒಬ್ಬೊಬ್ಬರಾಗಿ ರಟ್ಟಿನ ಮರೆಯ ಹಿಂದೆ ಹೋದರು, ಮತಪತ್ರ ಮಡಿಸಿ ಪೆಟ್ಟಿಗೆಗೆ ಹಾಕಿದರು.

ಚಿಕ್ಕಮಾದಯ್ಯ ಕೊನೆಯವನು. ಅವನ ಬೆರಳುಗಳು ಉಳಿದವರಿಗಿಂತ ಹೆಚ್ಚು ಸುಲಿದಿದ್ದವು. ಮತಪತ್ರಕ್ಕೆ ಒತ್ತುವ ಮುದ್ರೆಯನ್ನು ಎರಡು ಬೆರಳಲ್ಲಿ ಹಿಡಿಯಲಾಗದೆ ಮುಷ್ಟಿಯಲ್ಲಿ ಹಿಡಿದ. ಮರೆಯ ಹಿಂದೆ ಹೋಗುವಾಗ ಮಗಳ ಮುಂದೆ ಹಾದ. ಮುದ್ದಮ್ಮ ಅವನ ಮುಖ ನೋಡಲಿಲ್ಲ, ಕೈಯನ್ನು ನೋಡಿದಳು. ಒಂದು ಕ್ಷಣದ ಬಳಿಕ ಧಡ್ ಎಂಬ ಸದ್ದು ಬಂತು. ಮೇಜು ಅಲುಗಿ ರಟ್ಟಿನ ಮರೆ ಒಂದು ಕಡೆಗೆ ವಾಲಿತು. ಪೇದೆ ಬಾಗಿಲಿನಿಂದ ಓಡಿ ಬಂದ.

"ಮೆಲ್ಲಗೆ ಒತ್ತಿ ಅಜ್ಜ" ಎಂದಳು ಸ್ಮೃತಿ.

"ಇಲ್ಲೀಗಂಟ ಮೆಲ್ಗೇ ಇದ್ದೆ ಕಣವ್ವ" ಎಂದ ಚಿಕ್ಕಮಾದಯ್ಯ.